ಗೇರೆಣ್ಣೆ ಹಚ್ಚಿದವಳು ನಾನು

ಮಾವ,

‘ಪೂಜ್ಯ ಮಾವನವರಿಗೆ’ ಎಂದು ಶುರು ಮಾಡಿದರೆ ನೀವೇ ನಗುತ್ತೀರಿ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ತುಳುವಿನಲ್ಲಿ ಜಗಳವಾಡಿ, ತುಳುವಿನಲ್ಲೇ ರಾಜಿಯಾದವರು ನಾವು. ಬರೆಯಲು ಕುಳಿತಾಗ ಮಾತ್ರ ಕೈಗೆ ಬರುವುದು ಶಾಲೆಯಲ್ಲಿ ಕಲಿತ ಕನ್ನಡ. ಇರಲಿ. ಇವತ್ತು ಅಂಗಡಿಗೆ ವಾರದ ರಜೆ. ಬಟ್ಟೆ ಒಗೆದಾಯಿತು, ಅನ್ನ ಬಸಿದೂ ಆಯಿತು, ನಿಮ್ಮ ಮಗ ಬಸ್ಸಿನ ಡ್ಯೂಟಿಗೆ ಹೋಗಿಯೂ ಆಯಿತು. ಎರಡೂ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದೇನೆ. ಹಂಪನಕಟ್ಟೆಯ ಸೀರೆ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುವವಳ ಕಾಲು ಹೇಗಿರುತ್ತದೆ ಎಂದು ನಿಮಗೆ ಗೊತ್ತಲ್ಲ. ನೀವು ಇದ್ದಾಗ ಹೇಳಬೇಕಾಗಿದ್ದ ಒಂದು ವಿಷಯ ಹೇಳಲಿಲ್ಲ. ಈಗ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡಿ.

ಉಳ್ಳಾಲದ ನಮ್ಮ ಅಂಗಳವನ್ನು ಕಡಲು ತಿಂದ ದಿನ ನೆನಪಿದೆಯೇ? ನಿಮ್ಮ ಮಗಳು ಶಶಿ ಹುಟ್ಟಿದ ವರ್ಷ ಅತ್ತೆ ನೆಟ್ಟ ಗಾಳಿಮರ ಬುಡಸಮೇತ ಮಗುಚಿ ಬಿದ್ದಿತ್ತು. ಅತ್ತೆ ತೀರಿಕೊಂಡು ಆಗಲೇ ಆರು ವರ್ಷ. ನಾವೆಲ್ಲ ಪಾತ್ರೆ, ಕಪಾಟು, ಟಿ.ವಿ. ಎಂದು ಓಡಾಡುತ್ತಿದ್ದರೆ ನೀವು ಗರಗಸ ಹಿಡಿದು ಆ ಮರದ ಬುಡದಲ್ಲಿ ಕುಳಿತಿದ್ದಿರಿ. ಜೆಪ್ಪುವಿನ ಈ ಬಾಡಿಗೆ ಮನೆಗೆ ಟೆಂಪೋದಲ್ಲಿ ಸಾಮಾನು ಬಂದಾಗ ನಿಮ್ಮ ಮಡಿಲಲ್ಲಿ ಮೊಳ ಉದ್ದದ ಒಂದು ಡೊಂಕು ಬೇರು. ‘ಸೌದೆ ಎಂತಕ್ಕೆ ಮಾವ, ಇಲ್ಲಿ ಗ್ಯಾಸ್ ಉಂಟಲ್ಲ?’ ಎಂದುಬಿಟ್ಟೆ. ನೀವು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿರಿ. ಮಾತು ಬಿಡುವುದರಲ್ಲಿ ನಿಮ್ಮನ್ನು ಮೀರಿಸುವವರು ಯಾರಿದ್ದರು? ನನಗೆ ಆ ಮೌನದ ಹೆದರಿಕೆ ಮದುವೆಯಾಗಿ ಬಂದ ದಿನದಿಂದಲೂ ಇತ್ತು. ಮುಂದಿನದಕ್ಕೆಲ್ಲ ಕಾರಣವೂ ಅದೇ.

ಆಮೇಲೆ ಆ ಬಕೆಟು. ಬೇರನ್ನು ತಿಂಗಳುಗಟ್ಟಲೆ ಸಿಹಿನೀರಿನಲ್ಲಿ ಮುಳುಗಿಸಿ, ನೀರು ಬದಲಾಯಿಸಿ, ಕಡಲಿನ ಉಪ್ಪು ಹೋಯಿತೇ ಎಂದು ನಾಲಗೆ ತುದಿಯಿಂದ ನೆಕ್ಕಿ ನೋಡುತ್ತಿದ್ದಿರಿ. ಒಂದು ದಿನ ನನ್ನ ಮುಂದೆಯೂ ಹಿಡಿದಿರಿ.

‘ನೋಡು ವಾರಿಜಾ, ಉಪ್ಪು ಉಂಟಾ?’

‘ಉಪ್ಪು ಸರಿ ಉಂಟು, ಹುಳಿ ಸ್ವಲ್ಪ ಕಮ್ಮಿ,’ ಎಂದೆ. ನೀವು ಕೆಮ್ಮು ಬರುವಷ್ಟು ನಕ್ಕಿರಿ. ಐಸ್‌ಕ್ರೀಮ್ ಡಬ್ಬದಲ್ಲಿ ಅದೇ ಮರದ ಬೀಜ ಬಿತ್ತಿದ್ದಿರಿ. ಹದಿನೈದು ಮೊಳೆತು, ಕಾಗೆ, ಇರುವೆ, ಮಳೆ ಎಲ್ಲ ದಾಟಿ ಉಳಿದದ್ದು ಒಂದೇ ಒಂದು ಸಸಿ.

ಅದನ್ನು ಬೇರಿಗೆ ಕೂಡಿಸಿದ ಬೆಳಿಗ್ಗೆ ನಾನು ಪಕ್ಕದಲ್ಲೇ ಇದ್ದೆ. ಬೇರಿನ ಬೆನ್ನಿಗೆ ಉದ್ದಕ್ಕೆ ಉಳಿಯಿಂದ ಸಣ್ಣ ತೋಡು ಕೊರೆದು, ಅದನ್ನು ಕುಂಡದ ಮಣ್ಣಿನಲ್ಲಿ ನಿಲ್ಲಿಸಿದಿರಿ. ಸಸಿಯ ಒಂದು ಬದಿಯ ಸಿಪ್ಪೆ ಹೆರೆದು ಆ ತೋಡಿನೊಳಗೆ ಮಲಗಿಸಿದಿರಿ. ನಲವತ್ತು ವರ್ಷ ಪ್ಯಾಂಟ್ ಹೊಲಿದ ಬೆರಳು, ಒಂದು ಎಲೆ ಉದುರಲಿಲ್ಲ. ಹಿತ್ತಾಳೆಯ ಮೂರು ಸ್ಕ್ರೂ, ಪ್ರತಿಯೊಂದರ ಅಡಿಗೂ ಪ್ಯಾಂಟಿನ ಪಟ್ಟಿಗೆ ಹಾಕುವ ಕ್ಯಾನ್ವಾಸಿನ ಚೂರು, ಸಸಿಗೆ ನೋವಾಗಬಾರದಲ್ಲ. ‘ಇದು ಕಚ್ಚಾ ಹೊಲಿಗೆ ಮಾತ್ರ. ಗಿಡ ದಪ್ಪ ಆಗಿ ತೋಡು ತುಂಬಿದ ಮೇಲೆ ಬಿಚ್ಚಲಿಕ್ಕುಂಟು,’ ಎಂದಿರಿ. ಕುಂಡವನ್ನು ತಿರುಗಿಸಿ ಎದುರಿನಿಂದ ತೋರಿಸಿದಿರಿ. ನೂರು ವರ್ಷ ಗಾಳಿಗೆ ಬಾಗಿ, ಅರ್ಧ ಸತ್ತು ಅರ್ಧ ಬದುಕಿದ ಮರದ ಹಾಗೆಯೇ ಇತ್ತು. ಜಪಾನಿನ ಬೋನ್ಸಾಯಿಯವರು ಸತ್ತ ಮರಕ್ಕೆ ಸಸಿ ಕೂಡಿಸಿದ ಇಂಥದ್ದಕ್ಕೆ, ವೇಷ ಹಾಕಿ ಜನರನ್ನು ಮರುಳು ಮಾಡುವ ಒಂದು ಪ್ರಾಣಿಯ ಹೆಸರಿಟ್ಟಿದ್ದಾರೆ, ಕೆಲವರು ಇದನ್ನು ಮೋಸವೆಂದೇ ಹೇಳುತ್ತಾರೆ ಎಂದು ಮೊಬೈಲಿನಲ್ಲಿ ನೋಡಿ ತಿಳಿಸಿದವರೂ ನೀವೇ. ‘ಆದ್ರೆ ನಮ್ಮದು ಮೋಸ ಅಲ್ಲ ಮಾರಾಯ್ತಿ. ತಾಯಿಯೂ ಅದೇ, ಮಗುವೂ ಅದೇ.’

ನಿಮ್ಮ ಕಾಲಿನ ಗಾಯ ಕೆಟ್ಟು ಆಸ್ಪತ್ರೆಗೆ ಸೇರಿಸಿದ್ದು ಮರುವರ್ಷ, ಮಳೆಗಾಲಕ್ಕೆ ಸ್ವಲ್ಪ ಮುಂಚೆ. ಸಕ್ಕರೆ ಕಾಯಿಲೆ ಆಗಲೇ ಕಣ್ಣನ್ನೂ ಅರ್ಧ ತಿಂದಿತ್ತು. ಬೆಳಿಗ್ಗೆ ಆಸ್ಪತ್ರೆ, ಅಲ್ಲಿಂದ ಅಂಗಡಿ, ಸಂಜೆ ಪುನಃ ಆಸ್ಪತ್ರೆ, ಮನೆಗೆ ಬಂದರೆ ಗಿಡಕ್ಕೆ ನೀರು. ಒಂದು ದಿನ ನೀರು ಹಾಕುವಾಗ ನೋಡುತ್ತೇನೆ, ಬೇರಿನ ಬುಡ ಮೆತ್ತಗಾಗಿ ಬಿಳಿ ಬೂಸಲು ಹಿಡಿದಿದೆ. ಮೀನಿನ ದೋಣಿ ನಿಲ್ಲುವ ದಕ್ಕೆಯ ಬದಿಯಲ್ಲಿ ಹುಟ್ಟಿದವಳಿಗೆ ಮರ ಕೊಳೆಯುತ್ತಿದೆ ಎಂದರೆ ಒಂದೇ ಮದ್ದು ಗೊತ್ತು. ಮಳೆಗೆ ಮೊದಲು ದೋಣಿಯನ್ನು ಮೇಲಕ್ಕೆಳೆದು ನನ್ನ ಅಪ್ಪ ಗೇರೆಣ್ಣೆ ಹಚ್ಚುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆದ ಆ ಕಪ್ಪೆಣ್ಣೆ ತಾಗಿದರೆ ಹುಳವೂ ಬರುವುದಿಲ್ಲ, ನೀರೂ ಇಳಿಯುವುದಿಲ್ಲ. ‘ಎಣ್ಣೆ ಕುಡಿಯದ ದೋಣಿ ನೀರು ಕುಡಿಯುತ್ತದೆ’ ಎನ್ನುತ್ತಿದ್ದರು ಅಪ್ಪ. ಬಂದರಿನಿಂದ ಅಣ್ಣನ ಕೈಯಲ್ಲಿ ಒಂದು ಬಾಟಲಿ ತರಿಸಿದೆ. ಹಳೆ ಬಟ್ಟೆಯಲ್ಲಿ ಅದ್ದಿ, ಬೇರಿನ ಸಂದುಸಂದಿಗೂ ತಿಕ್ಕಿದೆ. ನೀವು ಬಂದು ನೋಡಿ ಮೆಚ್ಚಬೇಕೆಂದು ಎರಡು ಸಲ ತಿಕ್ಕಿದೆ.

ದೋಣಿಯಲ್ಲಿ ಇರುವುದೆಲ್ಲ ಸತ್ತ ಮರ, ಮಾವ. ಜೀವ ಇರುವ ಮರಕ್ಕೆ ಗೇರೆಣ್ಣೆ ಹಚ್ಚಿದವರು ನಮ್ಮ ಕುಟುಂಬದಲ್ಲಿ ನನಗಿಂತ ಮೊದಲು ಯಾರೂ ಇಲ್ಲ. ಎಣ್ಣೆ ತೋಡಿನೊಳಗೆ ಇಳಿದಿತ್ತು. ಐದನೆಯ ದಿನಕ್ಕೆ ಸಸಿಯ ತುದಿ ಕಂದಿತು. ವಾರ ಕಳೆಯುವಾಗ ಸಿಪ್ಪೆ ಕಪ್ಪಾಗಿ ಸುಲಿದು ಬಂತು. ಆ ಸಂಜೆ ವಾರ್ಡಿಗೆ ಬಂದಾಗ ನೀವು ಕೇಳಿದ ಮೊದಲ ಮಾತೇ ‘ಗಿಡ ಹೇಗುಂಟು?’

‘ಚಿಗುರಿದೆ,’ ಎಂದೆ.

ಎಲ್ಲಿಂದ ಬಂತು ಆ ಮಾತು? ನನಗೇ ಗೊತ್ತಿಲ್ಲ. ನೀವು ದಿಂಬಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದಿರಿ, ಮುಖದ ಗಂಟೆಲ್ಲ ಸಡಿಲವಾಯಿತು. ಅದನ್ನು ನೋಡಿದ ಮೇಲೆ ಹಿಂದಕ್ಕೆ ಬರುವ ದಾರಿ ಕಾಣಲಿಲ್ಲ. ಎರಡು ದಿನದಲ್ಲಿ ಡಿಸ್ಚಾರ್ಜ್ ಎಂದರು. ಅಂಗಡಿಗೆ ಜ್ವರ ಎಂದು ಹೇಳಿ, ಮಟಮಟ ಮಧ್ಯಾಹ್ನ ಉಳ್ಳಾಲದ ಬಸ್ಸು ಹತ್ತಿದೆ. ಕಡಲ ಬದಿಯ ಗಾಳಿಮರಗಳ ನಡುವೆ ಅಷ್ಟೇ ಎತ್ತರದ ಒಂದು ಸಸಿ ಹುಡುಕಿ, ದೋಸೆ ಮಗುಚುವ ಸಟ್ಟುಗದಿಂದ ಬೇರುಸಮೇತ ತೋಡಿ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ತೋಡಿನ ಎಣ್ಣೆ ಹಿಡಿದ ಭಾಗವನ್ನೆಲ್ಲ ನಿಮ್ಮ ಉಳಿಯಿಂದ ಕೆರೆದು ಬಿಸಾಡಿದೆ. ಅದೇ ತೂತು, ಅದೇ ಸ್ಕ್ರೂ, ಅದೇ ಕ್ಯಾನ್ವಾಸು. ಗಿಡ ಮಾತ್ರ ಬೇರೆ.

ಗೇರೆಣ್ಣೆ ತಾಗಿ ನನ್ನ ಬೆರಳೆಲ್ಲ ಬೊಬ್ಬೆ ಎದ್ದಿತ್ತು. ಮನೆಗೆ ಬಂದ ದಿನವೇ ನೀವು ಕೈ ಹಿಡಿದು ನೋಡಿದಿರಿ. ‘ಎಂತ ಆಯ್ತು?’ ‘ಬಂಗುಡೆ ಕಾಯಿಸುವಾಗ ಎಣ್ಣೆ ಹಾರಿತು.’ ನಡೆಯಲಾಗದ ನೀವು ಗೋಡೆ ಹಿಡಿದುಕೊಂಡು ಹೋಗಿ ಮುಲಾಮು ತಂದು, ಒಂದೊಂದು ಬೆರಳಿಗೂ ಹಚ್ಚಿದಿರಿ. ಆಗ ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು...

ಅಲ್ಲಿಂದ ಎಂಟು ತಿಂಗಳು. ಬೆಳಿಗ್ಗೆ ಬಾಲ್ಕನಿಯ ಕುರ್ಚಿಯಲ್ಲಿ ಕುಳಿತು, ಕಾಣದ ಕಣ್ಣಿನ ಬದಲು ಬೆರಳಿನಿಂದ ಗಿಡ ನೋಡುತ್ತಿದ್ದಿರಿ. ‘ಹಿಡಿದಿದೆ, ಚಂದ ಹಿಡಿದಿದೆ.’ ಬಂದವರಿಗೆಲ್ಲ ‘ಇದು ಅವಳ ಮರದ ಮಗು’ ಎಂಬ ಪರಿಚಯ. ಯಾರೂ ಇಲ್ಲದಾಗ ಅತ್ತೆಯ ಹತ್ತಿರ ಮಾತು. ‘ಕೇಳಿತಾ? ಇವತ್ತು ಸಾರಿಗೆ ಉಪ್ಪು ಜಾಸ್ತಿ ಮಾಡಿದ್ದಾಳೆ ನಿನ್ನ ಸೊಸೆ.’ ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನನ್ನ ಮೇಲಿನ ದೂರನ್ನು ನೀವು ಗುರುತುಪರಿಚಯ ಇಲ್ಲದ ಒಂದು ಗಿಡಕ್ಕೆ ಹೇಳುತ್ತಿದ್ದಿರಿ. ನಗಲೂ ಆಗುತ್ತಿರಲಿಲ್ಲ, ಅಳಲೂ ಆಗುತ್ತಿರಲಿಲ್ಲ.

ಒಂದು ದಿನ ಗಿಡದ ಎಲೆಯನ್ನು ಎರಡು ಬೆರಳ ನಡುವೆ ಉಜ್ಜಿ, ‘ಸ್ವಲ್ಪ ಒರಟು ಆಯ್ತಾ ಅಂತ,’ ಎಂದಿರಿ. ಕಣ್ಣು ಮುಚ್ಚಿಕೊಂಡು ಟೆರಿಕಾಟ್ ಯಾವುದು, ಬರೀ ಕಾಟನ್ ಯಾವುದು ಎಂದು ಹೇಳುತ್ತಿದ್ದ ಬೆರಳು ಅದು. ನೀವು ಎಲೆ ಬಿಟ್ಟು ಚಹಾ ಕೇಳಿದಿರಿ. ಗೊತ್ತಾಗಿತ್ತಾ ಮಾವ? ಗೊತ್ತಾಗಿಯೂ ನನಗೋಸ್ಕರ... ಬೇಡ. ಹಾಗೆ ಅಂದುಕೊಂಡರೆ ನನಗೆ ಹಗುರ, ಅದಕ್ಕೇ ಅದನ್ನು ನಂಬಲು ಮನಸ್ಸು ಬರುವುದಿಲ್ಲ.

ನೀವು ಹೋಗಿ ವರ್ಷ ಕಳೆಯಿತು. ದಿನಕ್ಕೆ ಎರಡು ಹೊತ್ತು ಆ ಗಿಡಕ್ಕೆ ನೀರು ಹಾಕಿದ್ದೇನೆ, ಒಂದು ದಿನ ತಪ್ಪಿಸಿಲ್ಲ. ನಿಜ ಹೇಳುತ್ತೇನೆ, ಸಾಕಾಗಿದೆ. ‘ಅತ್ತೆಯ ಮರ’ ಎಂದು ಯಾರಾದರೂ ಕೈಮುಗಿದಾಗ ತಲೆಯಾಡಿಸಿ ಆಡಿಸಿ ಕುತ್ತಿಗೆಯೇ ನೋವು. ನಿಮ್ಮ ಮಗನಿಗೂ ಹೇಳಿರಲಿಲ್ಲ. ಒಂದು ಸುಳ್ಳನ್ನು ಸಾಕುವುದು ಎಮ್ಮೆ ಸಾಕಿದ ಹಾಗೆ, ಒಂದು ದಿನದ ರಜೆಯೂ ಇಲ್ಲ.

ಕಳೆದ ತಿಂಗಳು ಕುಂದಾಪುರದಿಂದ ನಿಮ್ಮ ಮಗಳು ಬಂದಳು. ‘ಅಪ್ಪನದ್ದು ಬೇರೆ ಎಂತದ್ದೂ ಬೇಡ ಅತ್ತಿಗೆ. ಅಮ್ಮನ ಮರ ಒಂದು ನನಗೆ ಕೊಡಿ,’ ಎಂದಳು. ಕೊಟ್ಟುಬಿಟ್ಟರೆ ಮುಗಿಯಿತು, ನೀರು ಹಾಕುವ ಕೆಲಸವೂ ತಪ್ಪಿತು, ಸುಳ್ಳೂ ಊರು ಬಿಟ್ಟಿತು. ಕುಂಡಕ್ಕೆ ಪೇಪರ್ ಸುತ್ತಿ ಹಗ್ಗವನ್ನೂ ಕಟ್ಟಿದ್ದೆ. ಶಶಿ ಬಗ್ಗಿ ಬೇರಿಗೆ ಹಣೆ ತಾಗಿಸಿ, ಗಿಡದ ಮೇಲೆ ಕೈಯಿಟ್ಟು ‘ಅಮ್ಮಾ’ ಎಂದಳು. ನನ್ನಿಂದ ಆಗಲಿಲ್ಲ, ಮಾವ. ನೆಲದ ಮೇಲೆ ಕುಳಿತು ಎಲ್ಲ ಹೇಳಿಬಿಟ್ಟೆ.

ಅವಳು ಗಿಡದ ಮೇಲಿಟ್ಟ ಕೈ ತೆಗೆದಳು. ‘ಸತ್ತ ಆ ಗಿಡ ಎಲ್ಲಿ?’

‘ಹಸಿ ಕಸಕ್ಕೆ ಹಾಕಿದೆ. ಬೆಳಿಗ್ಗೆ ಕಸದ ಗಾಡಿ ಬಂತು, ಕೊಟ್ಟೆ.’

ಇದನ್ನು ನಿಮಗೆ ಬರೆಯುವುದೇ ಎಲ್ಲಕ್ಕಿಂತ ಕಷ್ಟ. ಮೀನಿನ ತಲೆ, ತರಕಾರಿ ಸಿಪ್ಪೆಯ ಜೊತೆ ಹೋಯಿತು ಅದು. ನೀವು ಬರುವುದರೊಳಗೆ ಮನೆಯಿಂದ ಹೋಗಲಿ ಎಂಬ ಒಂದೇ ಯೋಚನೆ ನನಗೆ.

ಶಶಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ‘ಅಪ್ಪನಿಗೆ ಹೇಳಿದ್ರೆ ಎಂತ ಆಗ್ತಿತ್ತು ಅತ್ತಿಗೆ? ನಾಲ್ಕು ದಿನ ಮಾತು ಬಿಡ್ತಿದ್ರು. ಐದನೇ ದಿನ ಪುನಃ ಬೀಜ ಹಾಕ್ತಿದ್ರು,’ ಎಂದವಳೇ ಎದ್ದು ನಿಮ್ಮ ಹೊಲಿಗೆ ಮೆಷಿನಿನ ಡ್ರಾಯರ್ ಎಳೆದು, ಗುಂಡಿಯ ಡಬ್ಬ ತೆರೆದಳು. ಗುಂಡಿಗಳ ಅಡಿಯಲ್ಲಿ ಕ್ಯಾನ್ವಾಸಿನ ಪುಟ್ಟ ಚೀಲ. ಅದರ ತುಂಬ ಗಾಳಿಮರದ ಬೀಜ. ಮೊದಲಿನದು ಬದುಕದಿದ್ದರೆ ಇರಲಿ ಎಂದು ನೀವು ತೆಗೆದಿಟ್ಟಿದ್ದಿರಂತೆ, ಫೋನಿನಲ್ಲಿ ಅವಳಿಗೆ ಹೇಳಿದ್ದಿರಂತೆ. ನನಗೆ ಹೇಳಲಿಲ್ಲ. ನಾನು ಕೇಳಿದ್ದರೆ ತಾನೇ ಹೇಳುವುದು?

ಎಂಟು ತಿಂಗಳಿತ್ತು ನಿಮಗೆ. ಇನ್ನೊಂದು ಸಸಿ ಏಳುವಷ್ಟು, ಅದನ್ನು ಬೆರಳಲ್ಲಿ ಮುಟ್ಟಿ ನೋಡುವಷ್ಟು ಹೊತ್ತು ಇತ್ತು. ಅದನ್ನು ಕಸಿದುಕೊಂಡವಳು ನಾನು. ನಿಮ್ಮ ಮನಸ್ಸು ನೋಯಬಾರದೆಂದು ಸುಳ್ಳು ಹೇಳಿದೆ ಎಂದುಕೊಂಡಿದ್ದೆ. ಅಲ್ಲ. ನಿಮ್ಮ ನಾಲ್ಕು ದಿನದ ಮೌನಕ್ಕೆ ಹೆದರಿ ಹೇಳಿದೆ. ತಪ್ಪಾಯಿತು, ಮಾವ.

ಶಶಿ ಕುಂಡದ ಪೇಪರನ್ನು ತಾನೇ ಬಿಚ್ಚಿದಳು. ‘ಇದು ನಿಮ್ಮ ಗಿಡ. ನೀವೇ ಸಾಕಿ. ಇನ್ನು ಯಾರಿಗೂ ಅಮ್ಮನದ್ದು ಅಂತ ಹೇಳ್ಬೇಡಿ,’ ಎಂದಳು. ಅವಳು ಹೋದ ಮೇಲೆ ನಿಮ್ಮ ಮಗನಿಗೂ ಹೇಳಿದೆ. ಮೂರು ಸ್ಕ್ರೂಗಳನ್ನೂ ಬಿಚ್ಚಿದೆ. ಗಿಡ ಬೀಳಲಿಲ್ಲ, ತೋಡು ತುಂಬಿ ನಿಂತಿದೆ. ಪಾಪ, ತಾನು ಯಾರ ಮಗು ಎಂದು ಅದು ಕೇಳಿದ್ದುಂಟೇ?

ಶಶಿ ಹೊರಡುವ ಮೊದಲು ನಾವಿಬ್ಬರೂ ಸೇರಿ ಆ ಬೀಜವನ್ನು ಬಿತ್ತಿದ್ದೇವೆ. ನಾಲ್ಕು ವರ್ಷದ ಹಳೆಯ ಬೀಜ. ನರ್ಸರಿಯವರು ಕೈಯಲ್ಲಿ ತೆಗೆದುಕೊಂಡೇ ‘ಕಷ್ಟ’ ಎಂದರು. ಶಶಿ ದಿನಾ ಸಂಜೆ ಫೋನ್ ಮಾಡುತ್ತಾಳೆ. ಊಟ ಆಯಿತೇ, ಹೇಗಿದ್ದೀರಿ, ಒಂದೂ ಇಲ್ಲ. ‘ಬಂತಾ?’ ‘ಇಲ್ಲ.’ ಅಷ್ಟೇ, ಇಟ್ಟುಬಿಡುತ್ತಾಳೆ. ನಿಮ್ಮ ಮಗಳೇ.

ನಿನ್ನೆ ಬೆಳಿಗ್ಗೆ ಮಣ್ಣಿನಲ್ಲಿ ನೂಲಿನಷ್ಟು ಹಸಿರು ಕಂಡಿತು. ಚೊಂಬು ಕೆಳಗಿಟ್ಟೆ. ಕನ್ನಡಕ ಹಾಕಿ, ಬಗ್ಗಿ ನೋಡಿದೆ. ಹುಲ್ಲು. ಸಂಜೆ ಫೋನ್ ಬಂತು. ‘ಬಂತಾ?’ ಎಂದಳು ಶಶಿ. ಬಂತು ಎಂದರೆ ಆ ಕಡೆಯಿಂದ ಒಂದು ನಗು ಕೇಳುತ್ತಿತ್ತೋ ಏನೋ. ನಾನು ಪುನಃ ಮನುಷ್ಯಳಾಗುತ್ತಿದ್ದೆನೋ ಏನೋ. ಮಾತು ಬಾಯಿಯ ತುದಿಯಲ್ಲೇ ಇತ್ತು, ಮಾವ.

‘ಇಲ್ಲ ಶಶಿ. ಹುಲ್ಲು ಬಂದಿದೆ,’ ಎಂದೆ.

ಅವಳು ಫೋನ್ ಇಡಲಿಲ್ಲ. ಆಮೇಲೆ, ‘ಕಿತ್ತು ಬಿಸಾಡಿ ಅತ್ತಿಗೆ. ನಾಳೆಯೂ ನೀರು ಹಾಕಿ,’ ಎಂದಳು.

ಹಾಕಿದ್ದೇನೆ.

ನಿಮ್ಮ ಸೊಸೆ,
ವಾರಿಜ