ಯಾರ ಎಡಗಡೆ

ಹೊಸ ಶಾಲೆ, ಐದನೇ ತರಗತಿಯ ಕೊಠಡಿ
ಗುರುವಾರ, ಫೆಬ್ರವರಿ ೧೯

ಪ್ರೀತಿಯ ಪುಟ್ಟೀ (ನಲವತ್ತಾದರೂ ನನಗೆ ನೀನು ಪುಟ್ಟಿಯೇ),

ಬೆನ್ನುನೋವು ಹೇಗಿದೆ? ಆ ಬಾಡಿಗೆ ಕೋಣೆಯಲ್ಲಿ ನಕ್ಷೆ ಹರಡಲು ಮೇಜು ಸಿಕ್ಕಿತೋ, ಇಲ್ಲ ಇನ್ನೂ ನೆಲದ ಮೇಲೆ ಬಗ್ಗಿಕೊಂಡೇ ಗೆರೆ ಎಳೆಯುತ್ತಿದ್ದೀಯೋ? ಊಟ ಬಿಡಬೇಡ, ನಿದ್ದೆ ಕೆಡಬೇಡ. ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ. ನನ್ನ ಮಾತು ಕಿವಿಗೆ ಹಾಕಿಕೊಳ್ಳದ ಕಾರಣ ಇನ್ನಷ್ಟು ಚೆನ್ನಾಗಿದ್ದಾಳೆ. ನನಗೆ ಮಾತ್ರ ಗಂಟಲು ಕಟ್ಟಿದೆ, ಸಿಮೆಂಟಿನ ದೂಳು. ಆ ದೂಳಿನ ಸಮಾಚಾರ ಹೇಳಲೆಂದೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದು ಮೂರು ಸಲ ನಿನ್ನ ನಂಬರ್ ಒತ್ತಿದೆ, ಮೂರು ಸಲವೂ ರಿಂಗ್ ಆಗುವ ಮೊದಲೇ ಇಟ್ಟುಬಿಟ್ಟೆ.

ನೀನು ಬರೆದ ನಕ್ಷೆಯಂತೆ ಕಟ್ಟಿದ ಈ ಶಾಲೆಯ ಹನ್ನೆರಡು ಕೊಠಡಿಗಳಲ್ಲೂ ಮಕ್ಕಳು ಎಂಟು ತಿಂಗಳಿಂದ ತಮ್ಮ ಕೈಯ ನೆರಳಿನಲ್ಲೇ ಬರೆಯುತ್ತಿದ್ದರು. ಕಿಟಕಿಗಳೆಲ್ಲ ಅವರ ಬಲಕ್ಕೆ. ಬಲಗೈಯಲ್ಲಿ ಬರೆಯುವವರ ನೆರಳು ಸರಿಯಾಗಿ ಅಕ್ಷರ ಹುಟ್ಟುವ ಜಾಗದ ಮೇಲೇ ಬೀಳುತ್ತದೆ. ನನ್ನ ತರಗತಿಯ ಮೂವತ್ತೆಂಟರಲ್ಲಿ ಎಡಗೈಯವರು ಮೂವರು. ಅವರಷ್ಟೇ ನೆಟ್ಟಗೆ ಕೂರುತ್ತಿದ್ದರು. ಉಳಿದವರು ಮೊದಲು ಪುಸ್ತಕ ಓರೆ ಮಾಡಿ, ಆಮೇಲೆ ಕತ್ತು ಓರೆ ಮಾಡಿ, ಕೊನೆಗೆ ಮೈಯನ್ನೇ ಓರೆ ಮಾಡಿಕೊಳ್ಳುತ್ತಿದ್ದರು. ಬಾಗಿಲಿನಿಂದ ನೋಡಿದರೆ ಇಡೀ ತರಗತಿ ತಿರುವಿನಲ್ಲಿ ಸಿಕ್ಕಿಕೊಂಡ ಬಸ್ಸಿನ ಹಾಗೆ ಕಾಣುತ್ತಿತ್ತು. ಕಣ್ಣುರಿ, ತಲೆನೋವು ಎಂದು ಪೋಷಕರು ದೂರು ಕೊಟ್ಟರು. ಮೂವರ ಸಮಿತಿ ಬಂತು. ತಪ್ಪು ಯಾರದೆಂದು ತೀರ್ಮಾನವಾಗಬೇಕಂತೆ. ನಕ್ಷೆಯದೇ ಎಂದಾದರೆ, ಶಾಲಾ ಕಟ್ಟಡಗಳ ನಕ್ಷೆ ಬರೆಯಬಲ್ಲವರ ಪಟ್ಟಿಯಿಂದ ನಿನ್ನ ಹೆಸರು ಹೋಗುತ್ತದೆ. ಮತ್ತೆ ಯಾವ ಶಾಲೆಯ ಕೆಲಸವೂ ನಿನಗೆ ಸಿಗುವುದಿಲ್ಲ.

ತಪ್ಪು ಯಾರದೆಂದು ನಮ್ಮಿಬ್ಬರಿಗೂ ಗೊತ್ತು. ಕಟ್ಟುವ ಮೊದಲು ಶಿಕ್ಷಕರನ್ನು ಏನು ಬೇಕೆಂದು ಕೇಳಿದ ಪುಣ್ಯಾತ್ಗಿತ್ತಿ ನೀನೊಬ್ಬಳೇ. ಬೇರೆ ಶಿಕ್ಷಕರು ಫ್ಯಾನು ಬೇಕು, ಬೀರು ಬೇಕು ಎಂದು ಬರೆದರು. ನಾನು ಪದ್ಯ ಬರೆದೆ: ‘ಕಿಟಕಿ ಎಡಕ್ಕಿರಲಿ, ಕತ್ತಲೆ ಹೊರಕ್ಕಿರಲಿ, ಬಾಗಿಲು ಬಲಕ್ಕಿರಲಿ, ಬೆಳಕು ಒಳಕ್ಕಿರಲಿ.’ ಎಡದಿಂದ ಬೆಳಕು ಬರಬೇಕೆಂದು ತರಬೇತಿಯಲ್ಲಿ ಕಲಿತದ್ದು ನೆನಪಿತ್ತು. ಯಾರ ಎಡದಿಂದ ಎನ್ನುವುದು ಮರೆತಿತ್ತು. ನೀನು ಫೋನ್ ಮಾಡಿ, “ಯಾರ ಎಡಗಡೆ ಅಣ್ಣಾ? ನಿಂದೋ, ಮಕ್ಕಳದೋ?” ಅಂದೆ. “ಎಡ ಅಂದ್ರೆ ಎಡ ಕಣೇ. ಹಲಗೆಗೆ ಬೆನ್ನು ಮಾಡಿ ನಿಂತ್ಕೊ, ಎಡಗೈ ಎತ್ತು, ಅದೇ ಕಿಟಕಿ” ಅಂದೆ ನಾನು. “ಮಕ್ಕಳ ಜಾಗದಲ್ಲಿ ಒಂದ್ಸಲ ಕೂತು ನೋಡಣ್ಣ” ಅಂದಿದ್ದಕ್ಕೆ, “ಗೆರೆ ಎಳೆಯೋಳು ನೀನು, ಪಾಠ ಮಾಡೋನು ನಾನು” ಎಂದು ನಿನ್ನ ಬಾಯಿ ಮುಚ್ಚಿಸಿದೆ. ಇಪ್ಪತ್ತೆರಡು ವರ್ಷ ಒಂದೇ ಕಡೆ ನಿಂತವನಿಗೆ ಎಡಬಲಗಳು ತನ್ನ ಮೈಗೇ ಅಂಟಿಕೊಂಡು ಬಂದವು ಅನ್ನಿಸಿಬಿಡುತ್ತದೆ.

ಈಗ ಪರಿಹಾರದ ಸುದ್ದಿ. ಬಾಗಿಲಿನ ಕಡೆ ಕತ್ತಲೆ ಕಾರಿಡಾರು. ಅಲ್ಲಿ ಕಿಟಕಿ ಒಡೆದರೆ ಒಳಗೆ ಬರುವುದು ಎದುರು ತರಗತಿಯ ಮಗ್ಗಿ, ಬೆಳಕಲ್ಲ. ಹಾಗಾಗಿ ತರಗತಿಯನ್ನೇ ತಿರುಗಿಸಿ, ಹಲಗೆಯನ್ನು ಹಿಂದಿನ ಗೋಡೆಗೆ ಹಾಕಬೇಕೆಂದರು. ಹಿಂದಿನ ಗೋಡೆಯಲ್ಲಿ ನಿನ್ನ ಗೂಡುಗಳಿದ್ದವು. ಕೊಠಡಿಗೆ ಐದು, ಒಂದೊಂದೂ ಒಂದು ಮಗು ಕಾಲು ಮಡಚಿ ಕೂರುವಷ್ಟು. ನಕ್ಷೆ ನೋಡಿದಾಗ “ಇದೇನು ಪಾಠಕ್ಕೋ ಪಾರಿವಾಳಕ್ಕೋ?” ಎಂದು ನಾನು ನಕ್ಕಿದ್ದೆ. ಪುಟ್ಟೀ, ಈ ಕಟ್ಟಡದಲ್ಲಿ ನಿಜವಾದ ಪಾಠ ನಡೆದದ್ದು ಅಲ್ಲೇ. ತೊದಲುವ ಹುಡುಗಿಯೊಬ್ಬಳಿದ್ದಾಳೆ, ಯಾರೆದುರೂ ಒಂದು ಸಾಲು ಓದಿದವಳಲ್ಲ. ಗೂಡಿನೊಳಗೆ ಕೂತು ಗೋಡೆಗೆ ಮುಖ ಮಾಡಿಕೊಂಡು ಓದತೊಡಗಿದಳು. ತನ್ನ ದನಿಯೇ ಮೆಲ್ಲಗೆ ತಿರುಗಿ ಬಂದು ಕಿವಿಯಲ್ಲಿ ಕೂರುತ್ತದಂತೆ. ಮೊದಲ ದಿನ ಒಂದು ಸಾಲು, ತಿಂಗಳಾಗುವಷ್ಟರಲ್ಲಿ ಒಂದು ಪುಟ. ನಾನು ಹಲಗೆ ಬಿಟ್ಟು ಹೋಗಿ ನೆಲದಲ್ಲಿ ಕೂತು ಕೇಳುತ್ತಿದ್ದೆ. ಸೋಮವಾರದಿಂದ ಗಾರೆಯವರು ಗೂಡುಗಳಿಗೆ ಇಟ್ಟಿಗೆ ತುಂಬುತ್ತಿದ್ದಾರೆ. ನಿನ್ನೆ ನಮ್ಮ ಕೊಠಡಿಯದು ಮುಗಿಯಿತು. ಹುಡುಗಿ ಹಸಿ ಗಾರೆಯ ಮುಂದೆ ಪುಸ್ತಕ ಹಿಡಿದು ನಿಂತಿದ್ದಳು. “ಒಣಗ್ಲಿ ಇರು ಮಗಾ, ಆಮೇಲೆ ಒರಗ್ಕೊಳ್ಳುವಿಯಂತೆ” ಎಂದ ಮೇಸ್ತ್ರಿ. ಅವಳು ಒರಗಲು ಬಂದಿರಲಿಲ್ಲ. ಇವತ್ತು ಬೆಂಚುಗಳನ್ನು ತಿರುಗಿಸಿ ಹಾಕಿ, ಅವಳನ್ನು ಓದಲು ಕರೆದೆ. ಎದ್ದು ನಿಂತಳು, ತುಟಿ ಅಲ್ಲಾಡಿತು, ಕೂತಳು. ಬೆಳಕು ಮಾತ್ರ ಈಗ ಸರಿಯಾದ ಕಡೆಯಿಂದ ಬರುತ್ತಿದೆ.

“ನಿಮ್ಮ ಪ್ರಾಸಕ್ಕೆ ಹನ್ನೆರಡು ಕೊಠಡಿ ಬಲಿ ಆಯ್ತಲ್ರೀ” ಎಂದು ನಿನ್ನ ಅತ್ತಿಗೆ ಊಟಕ್ಕೆ ಬಡಿಸುವಾಗಲೆಲ್ಲ ಹೇಳುತ್ತಾಳೆ. ನಾನು ತಟ್ಟೆ ನೋಡಿಕೊಂಡು ಉಣ್ಣುತ್ತೇನೆ. ನಿನ್ನ ಗೆರೆ ನೇರವಾಗಿರಲಿ, ಬೆನ್ನು ಹಗುರವಾಗಿರಲಿ. ಅವಳ ನೆನಪು, ನನ್ನ ಹರಕೆ ಎರಡೂ ನಿನಗೆ.

ನಿನ್ನ
ಅಣ್ಣ

ತಾ.ಕ.: ಅಂಚೆಯವನು ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಸಮಿತಿಯವರು ನನ್ನ ಪದ್ಯ ಮುಂದಿಟ್ಟು, “ಎಡ ಅಂದ್ರೆ ಮಕ್ಕಳ ಎಡ ತಾನೇ ಮೇಷ್ಟ್ರೇ? ನಕ್ಷೆಯೋರು ಉಲ್ಟಾ ತಿಳ್ಕೊಂಡ್ರು, ಅಲ್ವಾ?” ಎಂದರು. ನನ್ನ ಹೆಡ್‌ಮಾಸ್ಟರ್ ಬಡ್ತಿಯ ಕಡತ ಆ ಸಮಿತಿಯ ಅಧ್ಯಕ್ಷರ ಮೇಜಿನ ಮೇಲೇ ಇದೆ. ಹೌದೆಂದು ಬರೆದು ಸಹಿ ಹಾಕಿದೆ. ನಿನಗೆ ನೋಟಿಸು ಬರುತ್ತದೆ, ಉತ್ತರ ಕೊಡಲು ಹದಿನೈದು ದಿನ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿಯಿಲ್ಲ, ಆದರೆ ಅದೆಲ್ಲ ಈ ಕಾಗದದಲ್ಲಿ ನನ್ನ ಕೈಬರಹದಲ್ಲೇ ಇದೆ. ಇದನ್ನು ಅವರ ಮುಂದಿಟ್ಟರೆ ನಿನ್ನ ಹೆಸರು ಉಳಿಯುತ್ತದೆ. ನೀನು ಇಡುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೇ ಬರೆದಿದ್ದೇನೆ.