ಒಂದೇ ಬಳಕೆಗೆ ಸಾಯುವ ಕಾರ್ಡು, ಮತ್ತು ಶ್ರೀರಾಮಪ್ಪನವರ ದನಿ

ಬ್ಯಾಂಕಿನ ಡಿಜಿಟಲ್ ಕಾರ್ಡುಗಳ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಬ್ಯಾಂಕು ನನ್ನ ಬಾಯಿಂದ ಒಂದು ಸುಳ್ಳು ಹೇಳಿಸಿತು. ನಾನು ಅದನ್ನು ನಿಜವೆಂದು ನಂಬಿ ಹೇಳಿದೆ. ಕೇಳಿದವರು ನನ್ನನ್ನು ನಂಬಿದರು. ಈಗ ಅವರಲ್ಲೊಬ್ಬರು ಇಪ್ಪತ್ತೊಂದು ವರ್ಷ ಕೂತಿದ್ದ ಕುರ್ಚಿಯನ್ನು ಕಳೆದುಕೊಂಡು ಮನೆಯಲ್ಲಿದ್ದಾರೆ. ನೀವು ನನಗೊಂದು ನೋಟಿಸು ಕಳಿಸಿದ್ದೀರಿ. ಅದಕ್ಕೆ ಏಳು ದಿನದೊಳಗೆ ಲಿಖಿತ ಉತ್ತರ ಕೊಡಬೇಕಂತೆ. ಇದೇ ಆ ಉತ್ತರ. ಇದನ್ನು ನಿಮಗೆ ಮಾತ್ರ ಕಳಿಸಿದರೆ ಏನಾಗುತ್ತದೆಂದು ಒಂಬತ್ತು ವರ್ಷದ ಅನುಭವದಿಂದ ಗೊತ್ತಿರುವುದರಿಂದ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಕ್ಯಾಸಂಬಳ್ಳಿ ಬಸ್ ನಿಲ್ದಾಣದ ಪಕ್ಕದ ಮಳಿಗೆಯಲ್ಲಿ ಕೂರುವ ನಿಮ್ಮ ಬ್ಯಾಂಕ್ ಮಿತ್ರ. ಚಾಂಪಿಯನ್ ರೀಫ್ಸ್‌ನಿಂದ ದಿನಾ ಬಸ್ಸಿನಲ್ಲಿ ಬಂದು ಬಾಗಿಲು ತೆಗೆಯುತ್ತೇನೆ. ನನ್ನಪ್ಪ ಅಲ್ಲಿನ ಚಿನ್ನದ ಗಣಿಯಲ್ಲಿದ್ದವರು. ಗಣಿ ಮುಚ್ಚಿದ ಸುದ್ದಿಯೂ ನಮ್ಮ ಮನೆಗೆ ಗೋಡೆಗೆ ಅಂಟಿಸಿದ ಒಂದು ಪ್ರಕಟಣೆಯ ಮೂಲಕವೇ ಬಂದದ್ದು, ಆದ್ದರಿಂದ ಕಚೇರಿಗಳ ಭಾಷೆ ನನಗೆ ಹೊಸದಲ್ಲ. ಹೆಬ್ಬೆಟ್ಟು ಒತ್ತಿಸಿ ಪಿಂಚಣಿ ಕೊಡುವುದು, ಹಾಲಿನ ಬಟವಾಡೆ ಕೊಡುವುದು, ಖಾತೆ ತೆರೆಸುವುದು ನನ್ನ ಕೆಲಸ. ಹೋದ ವರ್ಷದಿಂದ ಇನ್ನೊಂದು ಸೇರಿತು: ನಿಮ್ಮ ವರ್ಚುವಲ್ ಕಾರ್ಡನ್ನು ಜನರಿಗೆ ಮಾಡಿಸಿಕೊಡುವುದು. ಗುರಿ ನಲವತ್ತು. ನಾನು ನಲವತ್ಮೂರು ಮಾಡಿಸಿದೆ. ಬಂಗಾರಪೇಟೆಯ ಸಭೆಯಲ್ಲಿ ಅದಕ್ಕೊಂದು ಪ್ರಮಾಣಪತ್ರವನ್ನೂ ಕೊಟ್ಟಿರಿ.

ಶ್ರೀರಾಮಪ್ಪನವರು ಕ್ಯಾಸಂಬಳ್ಳಿ ಹತ್ತಿರದ ಒಂದು ಹಳ್ಳಿಯ ಹಾಲಿನ ಸಂಘದ ಕಾರ್ಯದರ್ಶಿಯಾಗಿದ್ದವರು. ಎರಡು ವರ್ಷದ ಹಿಂದೆ ಗಂಟಲಿಗೆ ಕ್ಯಾನ್ಸರ್ ಬಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಅವರ ದನಿಪೆಟ್ಟಿಗೆಯನ್ನು ತೆಗೆದರು. ಈಗ ಅವರು ಉಸಿರಾಡುವುದು ಕುತ್ತಿಗೆಯ ತೂತಿನಿಂದ. ಮಾತಾಡಬೇಕಾದರೆ ಟಾರ್ಚಿನಂಥ ಒಂದು ಯಂತ್ರವನ್ನು ಗಂಟಲಿಗೆ ಒತ್ತಿಕೊಂಡು ತುಟಿ ಆಡಿಸಬೇಕು. ದುಂಬಿ ಗುಂಯ್‌ಗುಡುವ ಹಾಗೆ ಒಂದೇ ಸಮನೆ ದನಿ ಬರುತ್ತದೆ. ಆದರೂ ಅದು ಮಾತು. ಆ ದನಿಯಲ್ಲೇ ಅವರು ಬೆಳಗಿನ ಐದೂವರೆಗೆ ಸದಸ್ಯರ ಹೆಸರು ಕೂಗುತ್ತಿದ್ದರು, ಲೆಕ್ಕ ಒಪ್ಪಿಸುತ್ತಿದ್ದರು, ಹಾಲಿಗೆ ನೀರು ಬೆರೆಸಿದವರನ್ನು ಬೈಯುತ್ತಿದ್ದರು. ಕಳೆದ ಜುಲೈನಲ್ಲಿ ಹಾಲು ಪರೀಕ್ಷಿಸುವಾಗ ಆ ಯಂತ್ರ ಕೈಜಾರಿ ನಲವತ್ತು ಲೀಟರಿನ ಕ್ಯಾನಿಗೆ ಬಿತ್ತು. ಕ್ಯಾನಿನ ಹಾಲನ್ನು ಚೆಲ್ಲಿ ಅದರ ಬೆಲೆಯನ್ನು ಅವರೇ ಸಂಘಕ್ಕೆ ಕಟ್ಟಿದರು. ಯಂತ್ರ ಮಾತ್ರ ಮತ್ತೆ ಸದ್ದು ಮಾಡಲಿಲ್ಲ. ಅದನ್ನು ತಯಾರಿಸುವ ಕಂಪನಿ ಇರುವುದು ಯೂರೋಪಿನಲ್ಲಿ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಅರ್ಚನ ಎಂಬ ಹೆಣ್ಣುಮಗಳು, ಕಂಪನಿಯ ವೆಬ್‌ಸೈಟಿನಲ್ಲೇ ನೇರವಾಗಿ ತರಿಸಿದರೆ ಬೇಗ ಎಂದರು. ಬೆಲೆ ಐವತ್ತೆಂಟು ಸಾವಿರದ ನಾನೂರು. ಅಷ್ಟು ದುಡ್ಡು ಅವರಲ್ಲಿರಲಿಲ್ಲ. ಸಂಘದ ನೂರಾ ಹನ್ನೆರಡು ಸದಸ್ಯರು ತಮ್ಮ ತಮ್ಮ ಹಾಲಿನ ಬಟವಾಡೆಯಲ್ಲಿ ಮುರಿದುಕೊಟ್ಟು ಕೂಡಿಸಿದರು.

ಅವರ ಹೆಂಡತಿ ಅಕ್ಕಯ್ಯಮ್ಮ ಆ ದುಡ್ಡು ಖಾತೆಗೆ ಜಮೆಯಾದ ಚೀಟಿ ಹಿಡಿದು ಗಂಡನ ಜೊತೆ ನನ್ನ ಮಳಿಗೆಗೆ ಬಂದು ಕೇಳಿದರು: “ಇದನ್ನ ಪರದೇಶಕ್ಕೆ ಎಂಗಮ್ಮ ಕಳ್ಸೋದು? ನಮ್ಗೆ ಗೊತ್ತಿರೋಳು ನೀನೊಬ್ಳೇ.”

ನಾನು ಎರಡು ದಿನ ಯೋಚಿಸಿಯೇ ಹೇಳಿದೆ. ಅವರ ಡೆಬಿಟ್ ಕಾರ್ಡು ದೇಶದೊಳಗೆ ಮಾತ್ರ ನಡೆಯುವಂಥದ್ದು. ಕ್ರೆಡಿಟ್ ಕಾರ್ಡಿಗೆ ಅವರ ಗೌರವಧನ ಸಾಲದೆಂದು ಹಿಂದೊಮ್ಮೆ ನೀವೇ ತಿರಸ್ಕರಿಸಿದ್ದಿರಿ. ಇನ್ನು ಉಳಿದದ್ದು ಎರಡು. ಒಂದು, ಮೊಬೈಲ್ ಆ್ಯಪ್‌ನ ಕಂಪನಿಯೊಂದು ಕೊಡುವ ಪ್ರೀಪೇಯ್ಡ್ ಕಾರ್ಡು. ಅದರಲ್ಲಿ ವಿದೇಶಿ ಹಣಕ್ಕೆ ಬದಲಿಸುವ ಶುಲ್ಕ ಕಡಿಮೆ, ಕಾರ್ಡಿನ ನಂಬರು ಐದು ವರ್ಷ ಹಾಗೇ ಇರುತ್ತದೆ. ಇನ್ನೊಂದು ನಿಮ್ಮದು. ಮೊಬೈಲಿನ ಪರದೆಯ ಮೇಲೆ ಹದಿನಾರು ಅಂಕಿಯಾಗಿ ಹುಟ್ಟಿ, ಒಂದು ಸಲ ಹಣ ಕಟ್ಟಿದ ಮೇಲೆ ತಾನೇ ಸತ್ತುಹೋಗುವ ಕಾರ್ಡು. “ವಿಶ್ವದಾದ್ಯಂತ ಮಾನ್ಯ, ಸಂಪೂರ್ಣ ಸುರಕ್ಷಿತ” ಎಂದು ನಿಮ್ಮ ಸುತ್ತೋಲೆಯಲ್ಲಿದೆ. ಹಿಂದಿನ ವರ್ಷವಷ್ಟೇ ಅದೇ ಹಳ್ಳಿಯ ವೆಂಕಿ ಯಾವುದೋ ಸೈಟಿಗೆ ಕಾರ್ಡ್ ನಂಬರು ಕೊಟ್ಟು ಹನ್ನೊಂದು ಸಾವಿರ ಕಳೆದುಕೊಂಡಿದ್ದ. ಐದು ವರ್ಷ ಬದುಕುವ ನಂಬರನ್ನು ಕಳ್ಳರು ಕದಿಯಬಹುದು, ಒಂದೇ ಬಳಕೆಗೆ ಸಾಯುವುದನ್ನು ಕದ್ದು ಏನು ಮಾಡುತ್ತಾರೆ? ಹೀಗೆಂದು ನಾನೇ ಅವರಿಗೆ ಬಿಡಿಸಿ ಹೇಳಿದೆ. ಹೆಸರು ಕೇಳಿರದ ಆ್ಯಪಿಗಿಂತ ನಮ್ಮ ಬ್ಯಾಂಕು ವಾಸಿ ಎಂದೆ. ನಮ್ಮ ಬ್ಯಾಂಕು ಎಂದೇ ಹೇಳಿದೆ, ಸ್ವಾಮಿ. ಒಂಬತ್ತು ವರ್ಷದಿಂದ ಬಾಯಿಗೆ ಅಂಟಿಕೊಂಡ ಅಭ್ಯಾಸ.

ಈ ಕಾರ್ಡಿನ ತರಬೇತಿಯ ದಿನ ನಾನು ಕಣ್ಣುಮುಚ್ಚಿ ಕೂತಿರಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ. ನಿಮ್ಮ ವಿಭಾಗದಿಂದ ಬಂದಿದ್ದವರನ್ನು ಎದ್ದು ನಿಂತು ಕೇಳಿದ್ದೆ: “ಸಾರ್, ಆರ್ಡರ್ ರದ್ದಾದರೆ ದುಡ್ಡು ಯಾವ ಕಾರ್ಡಿಗೆ ವಾಪಸ್ ಬರುತ್ತೆ? ಕಾರ್ಡು ಅಷ್ಟೊತ್ತಿಗೆ ಇರಲ್ಲವಲ್ಲ?” ಅವರು ನಕ್ಕು, “ಅದೆಲ್ಲ ಸಿಸ್ಟಮ್ ನೋಡ್ಕೊಳ್ಳುತ್ತೆ ಮೇಡಂ. ನೀವೇ ಡೌಟ್ ಪಟ್ಟರೆ ಗ್ರಾಹಕರು ತಗೋತಾರಾ?” ಎಂದರು. ಸಭೆಯೂ ನಕ್ಕಿತು. ನಾನು ಕೂತೆ. ಆಗ ಕೂರಬಾರದಿತ್ತು.

ಆಗಸ್ಟ್ ನಾಲ್ಕಕ್ಕೆ ನನ್ನ ಮಳಿಗೆಯಲ್ಲೇ ಕೂತು ಹಣ ಕಟ್ಟಿದೆವು. ಐದು ನಿಮಿಷದ ಕೆಲಸ. ಕಾರ್ಡು ಹೇಳಿದಂತೆಯೇ ಪರದೆಯಿಂದ ಮಾಯವಾಯಿತು. ಏಳಕ್ಕೆ ಕಂಪನಿಯಿಂದ ಮಿಂಚಂಚೆ ಬಂತು: ಆ ಮಾದರಿ ಮುಗಿದಿದೆ, ಹಣ ಹಿಂದಿರುಗಿಸಿದ್ದೇವೆ, ಹೊಸ ಮಾದರಿಗೆ ಮತ್ತೆ ಆರ್ಡರ್ ಮಾಡಿ. ಹತ್ತು ದಿನ ಕಾದೆವು. ದುಡ್ಡು ಬರಲಿಲ್ಲ. ಕಂಪನಿಗೆ ಬರೆದರೆ, ಕಳಿಸಿಯಾಗಿದೆ ಎಂದು ದಿನಾಂಕ, ಉಲ್ಲೇಖ ಸಂಖ್ಯೆ ಸಮೇತ ಉತ್ತರ ಕೊಟ್ಟರು. ಅದನ್ನು ಹಿಡಿದು ಬಂಗಾರಪೇಟೆಯ ಶಾಖೆಗೆ ಹೋದೆವು. ವ್ಯವಸ್ಥಾಪಕರು ಕಂಪ್ಯೂಟರ್ ನೋಡಿ, “ಈ ನಂಬರಿನ ಕಾರ್ಡೇ ಇಲ್ಲವಲ್ಲ” ಎಂದರು. “ಇತ್ತು ಸಾರ್, ನೀವೇ ಕೊಟ್ಟಿದ್ದು” ಎಂದೆ. “ಇತ್ತೋ ಏನೋ. ಈಗ ಇಲ್ಲ. ಇಲ್ಲದ ಕಾರ್ಡಿಗೆ ದುಡ್ಡು ಹೇಗೆ ಬರುತ್ತೆ? ಹೆಲ್ಪ್‌ಲೈನಿಗೆ ಫೋನ್ ಮಾಡಿ.”

ಆ ಫೋನಿನ ವಿಷಯ ನಿಮಗೆ ತಿಳಿಯಲೇಬೇಕು. ಅದರ ಧ್ವನಿಮುದ್ರಣ ನಿಮ್ಮಲ್ಲಿರುತ್ತದೆ, ದಯವಿಟ್ಟು ತರಿಸಿಕೊಂಡು ಕೇಳಿ. ಹದಿನೆಂಟು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಮಾತಿಗೆ ಸಿಕ್ಕಳು. ಎಲ್ಲ ಹೇಳಿದೆ. ಆಕೆ, “ಭದ್ರತೆಯ ಕಾರಣಕ್ಕೆ ಖಾತೆದಾರರೇ ತಮ್ಮ ಹುಟ್ಟಿದ ದಿನ, ತಾಯಿಯ ಹೆಸರು ಹೇಳಬೇಕು ಮೇಡಂ” ಎಂದಳು.

“ಅವರಿಗೆ ದನಿಪೆಟ್ಟಿಗೆ ಇಲ್ಲಮ್ಮ. ನನ್ನ ಪಕ್ಕದಲ್ಲೇ ಕೂತಿದ್ದಾರೆ. ಬರೆದು ಕೊಡ್ತಾರೆ, ನಾನು ಓದ್ತೀನಿ.”

“ಖಾತೆದಾರರ ಧ್ವನಿಯೇ ಬೇಕು ಮೇಡಂ.”

ಶ್ರೀರಾಮಪ್ಪನವರು ನನ್ನ ಕೈಯಿಂದ ಫೋನು ತೆಗೆದುಕೊಂಡರು. ಬಾಯಿಗೆ ಹತ್ತಿರ ಹಿಡಿದು ತುಟಿ ಆಡಿಸಿದರು. ನಾನು ತುಟಿಯನ್ನೇ ನೋಡುತ್ತಿದ್ದೆ, ನನಗೆ ತಿಳಿಯಿತು: ಮುನಿಶಾಮಮ್ಮ. ಅವರ ತಾಯಿಯ ಹೆಸರು. ಕುತ್ತಿಗೆಯ ತೂತಿನಿಂದ ಗಾಳಿ ಬಂತು, ಅಷ್ಟೇ. ಆಚೆಯಿಂದ “ಹಲೋ ಸರ್, ಕೇಳಿಸ್ತಿಲ್ಲ” ಎಂದಳು. ಅವರು ಮತ್ತೆ ಹೇಳಿದರು. ಮೂರನೆಯ ಸಲ ಕುತ್ತಿಗೆಯ ನರಗಳು ಉಬ್ಬಿ ಕಣ್ಣಲ್ಲಿ ನೀರು ಬಂತು. ಲೈನು ಕಡಿಯಿತು. ಅರ್ಧ ಗಂಟೆಗೆ ಅವರ ಮೊಬೈಲಿಗೆ ಸಂದೇಶ: “ಗ್ರಾಹಕರು ಪ್ರತಿಕ್ರಿಯಿಸದ ಕಾರಣ ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ.” ಅದರ ಹಿಂದೆಯೇ ಇನ್ನೊಂದು, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು. ಜೊತೆಗಿದ್ದ ಅಕ್ಕಯ್ಯಮ್ಮನಿಗೆ ಓದಲು ಬಾರದು. ಏನಂತೆ ಎಂದು ಕೇಳಿದರು.

ಸೆಪ್ಟೆಂಬರ್ ಹದಿನಾಲ್ಕಕ್ಕೆ ಸಂಘದ ವಾರ್ಷಿಕ ಸಭೆ. ಲೆಕ್ಕ ಓದಬೇಕಾದ ಕಾರ್ಯದರ್ಶಿ ಮೌನವಾಗಿ ಕೂತಿದ್ದರು, ಅವರ ಪರವಾಗಿ ನಿರ್ದೇಶಕ ಕಾಂತರಾಜ್ ಓದಿದರು. ಅದು ಮುಗಿದ ಮೇಲೆ ಹಿಂದಿನ ಸಾಲಿನಿಂದ ಯಾರೋ ಕೇಳಿದರು, “ನಾವು ಮಿಷಿನ್‌ಗೆ ಅಂತ ಕೊಟ್ಟಿದ್ದು ಏನಾಯ್ತು?” ನಾನು ಅದಕ್ಕೆಂದೇ ಹೋಗಿದ್ದೆ. ಎದ್ದು ನಿಂತು ಮಿಂಚಂಚೆಯ ಪ್ರತಿ ತೋರಿಸಿ, ಆದದ್ದನ್ನೆಲ್ಲ ವಿವರಿಸಿದೆ. ವೆಂಕಿ ಪೂರ್ತಿ ಕೇಳಿಸಿಕೊಂಡು ಅಂದ: “ಅಕ್ಕಾ, ದುಡ್ಡು ಕಾರ್ಡಿಗೆ ಓಯ್ತು ಅಂತೀಯ. ಕಾರ್ಡೇ ಇಲ್ಲ ಅಂತೀಯ. ಎರಡ್ರಾಗೆ ಯಾವ್ದನ್ನ ನಂಬ್ಬೇಕು?”

ಮುಖ್ಯಾಧಿಕಾರಿಗಳೇ, ನಿಮ್ಮ ಇಡೀ ವಿಭಾಗ ಕೂತು ಉತ್ತರಿಸಬೇಕಾದ ಪ್ರಶ್ನೆ ಅದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಕೇಳಿದ. ಯಾರೂ ಶ್ರೀರಾಮಪ್ಪನವರನ್ನು ಕಳ್ಳ ಎನ್ನಲಿಲ್ಲ. ಅನ್ನದೆ ಇದ್ದದ್ದೇ ಹೆಚ್ಚು ಚುಚ್ಚಿತು. ಕಾಂತರಾಜ್ ಮೆಲ್ಲಗೆ, “ಅಣ್ಣ, ಮೈ ಉಸಾರಿಲ್ಲ ನಿಂಗೆ. ಸ್ವಲ್ಪ ದಿನ ರೆಸ್ಟ್ ತಗೋ” ಎಂದರು. ಶ್ರೀರಾಮಪ್ಪನವರು ಎದ್ದು, ಜೇಬಿನಿಂದ ಸಂಘದ ಬೀರುವಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು ಹೊರಗೆ ನಡೆದರು. ಅಕ್ಕಯ್ಯಮ್ಮ ಹೋಗುವಾಗ ನನ್ನ ಕಡೆ ತಿರುಗಿ ಹೇಳಿದ್ದಿಷ್ಟೇ: “ನಿನ್ ಮಾತು ಕೇಳಿ ಮಾಡಿದ್ವಲ್ಲಮ್ಮ.” ಕೋಪದಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ದುಡ್ಡು ಅವರ ಖಾತೆಗೆ ನವೆಂಬರ್ ಹನ್ನೆರಡಕ್ಕೆ ಬಂತು. ಕಂಪನಿ ಹಿಂದಿರುಗಿಸಿ ತೊಂಬತ್ತೇಳು ದಿನಕ್ಕೆ. ಒಂದು ಕ್ಷಮೆಯ ಸಾಲೂ ಇಲ್ಲದೆ, ಹೋಗುವಾಗಿನ ಬದಲಾವಣೆ ಶುಲ್ಕ, ಬರುವಾಗಿನ ಬದಲಾವಣೆ ಶುಲ್ಕ ಎರಡನ್ನೂ ಮುರಿದುಕೊಂಡು, ಮೂರೂವರೆ ಸಾವಿರ ಕಡಿಮೆ ಬಂತು. ಅದನ್ನು ಶ್ರೀರಾಮಪ್ಪನವರು ಕೈಯಿಂದ ಹಾಕಿ, ಪೂರ್ತಿ ದುಡ್ಡನ್ನು ಅರ್ಚನ ಅವರಿಗೆ ಕೊಟ್ಟರು. ಅವರು ತಮ್ಮ ಸ್ವಂತ ಕ್ರೆಡಿಟ್ ಕಾರ್ಡಿನಲ್ಲಿ ಯಂತ್ರ ತರಿಸಿಕೊಟ್ಟರು. ಹನ್ನೊಂದು ದಿನದಲ್ಲಿ ಬಂತು. ಅಷ್ಟರಲ್ಲಿ ಸಂಘದಲ್ಲಿ ಹೊಸ ಕಾರ್ಯದರ್ಶಿ ಬಂದಾಗಿತ್ತು.

ಯಂತ್ರ ಬಂದ ಮರುದಿನ ಅವರು ನನ್ನ ಮಳಿಗೆಗೆ ಬಂದರು. ದುಡ್ಡು ಬಂದಿದ್ದರೂ ತಪ್ಪು ಯಾರದೆಂದು ದಾಖಲಾಗಲು ಮುಕ್ತಾಯಗೊಂಡ ಆ ದೂರನ್ನು ತೆರೆಸಬೇಕು, ನಾನೇ ಮಾತಾಡುತ್ತೇನೆ ಎಂದರು. ನಿಮ್ಮ ಹೆಲ್ಪ್‌ಲೈನಿಗೆ ಫೋನು ಹಚ್ಚಿಕೊಟ್ಟೆ. ಅವರು ಯಂತ್ರ ಒತ್ತಿಕೊಂಡು ಹುಟ್ಟಿದ ದಿನ ಹೇಳಿದರು, ತಾಯಿಯ ಹೆಸರು ಹೇಳಿದರು, ಸ್ಪಷ್ಟವಾಗಿ. ಆಚೆಯಿದ್ದವನು, “ಕ್ಷಮಿಸಿ, ರೆಕಾರ್ಡ್ ಮಾಡಿದ ಧ್ವನಿಯನ್ನು ನಾವು ಸ್ವೀಕರಿಸುವುದಿಲ್ಲ” ಎಂದು ಫೋನಿಟ್ಟ. ಶ್ರೀರಾಮಪ್ಪನವರು ಮತ್ತೆ ಯಂತ್ರ ಒತ್ತಿಕೊಂಡು ನನಗೆ ಹೇಳಿದರು: “ಬಿಡಮ್ಮ. ಟೀ ಕುಡಿಯೋಣ ಬಾ.”

ಆ ವಾರವೇ ನಿಮ್ಮ ನೋಟಿಸು ಬಂತು. ನಾನು “ಅಧಿಕಾರ ವ್ಯಾಪ್ತಿಯನ್ನು ಮೀರಿ ಗ್ರಾಹಕರಿಗೆ ಕಾರ್ಡಿನ ಆಯ್ಕೆಯ ಬಗ್ಗೆ ಸಲಹೆ ನೀಡಿರುವುದು ಕಂಡುಬಂದಿದೆ” ಅಂತೆ, ಆದ್ದರಿಂದ ಕಮಿಷನ್ ತಡೆಹಿಡಿಯಲಾಗಿದೆ ಅಂತೆ. ನಲವತ್ತು ಜನರಿಗೆ ಸಲಹೆ ಕೊಡು ಎಂದು ಗುರಿ ಕೊಟ್ಟವರು ಯಾರು? ಸುತ್ತೋಲೆಯ ಒಂದು ಮೂಲೆಯಲ್ಲಾದರೂ ಹಿಂದಿರುಗಿದ ಹಣ ಎಲ್ಲಿಗೆ ಹೋಗುತ್ತದೆಂದು ಬರೆದಿದ್ದಿರಾ? ಕೇಳಿದವಳನ್ನು ನಕ್ಕು ಕೂರಿಸಿದವರಿಗೂ ಒಂದು ನೋಟಿಸು ಹೋಗಿದೆಯೇ? ನಾನು ತಪ್ಪು ಮಾಡಿಲ್ಲ ಎನ್ನುತ್ತಿಲ್ಲ. ನಿಮ್ಮನ್ನು ನಂಬಿದೆ, ಆ ತಪ್ಪು ನನ್ನದೇ. ಕಾರ್ಡು ಮಾಡಿಸಿಕೊಟ್ಟ ಉಳಿದ ನಲವತ್ತೆರಡು ಮನೆಗೂ ಈಗಾಗಲೇ ಹೋಗಿ, ಮೊದಲು ಹೇಳದೆ ಉಳಿದದ್ದನ್ನು ಹೇಳಿ ಬಂದಿದ್ದೇನೆ. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ಮೊದಲೆಲ್ಲ ಒಳಗೆ ಕರೆಯುತ್ತಿದ್ದರು.

ಕಮಿಷನ್ ನೀವೇ ಇಟ್ಟುಕೊಳ್ಳಿ, ಅದನ್ನು ಕೇಳಲು ಈ ಪತ್ರ ಬರೆಯುತ್ತಿಲ್ಲ. ಹಾಲಿನ ಸಂಘದ ತಿಂಗಳ ಸಭೆ ಬರುವ ಹತ್ತನೇ ತಾರೀಖು ಬೆಳಗ್ಗೆ ಹತ್ತಕ್ಕಿದೆ. ನಿಮ್ಮ ವಿಭಾಗದಿಂದ ಯಾರಾದರೂ ಜವಾಬ್ದಾರರು ಬಂದು, ಆ ನೂರಾ ಹನ್ನೆರಡು ಜನರ ಮುಂದೆ ನಿಂತು, ಆ ದುಡ್ಡು ತೊಂಬತ್ತೇಳು ದಿನ ನಿಮ್ಮ ಬಳಿಯಿತ್ತು, ಶ್ರೀರಾಮಪ್ಪನವರ ಬಳಿ ಇರಲಿಲ್ಲ ಎಂದು ಕನ್ನಡದಲ್ಲಿ ಹೇಳಬೇಕು. ಅದನ್ನೇ ನಿಮ್ಮ ಮೊಹರು ಹಾಕಿದ ಕಾಗದದಲ್ಲಿ ಬರೆದು ಸಂಘದ ಗೋಡೆಗೆ ಅಂಟಿಸಬೇಕು. ಬಂಗಾರಪೇಟೆಯಿಂದ ಬಸ್ಸಿದೆ. ದಾರಿ ತಿಳಿಯದಿದ್ದರೆ ನಾನೇ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ.

ಇಂತಿ,
ಗುರಿಗಿಂತ ಮೂರು ಕಾರ್ಡು ಹೆಚ್ಚು ಮಾಡಿಸಿದ್ದಕ್ಕೆ ನಾಚಿಕೆಪಡುತ್ತಿರುವ,
ಅರುಣಕುಮಾರಿ
ಬ್ಯಾಂಕ್ ಮಿತ್ರ (ನೀವು ತೆಗೆದುಹಾಕುವವರೆಗೆ), ಕ್ಯಾಸಂಬಳ್ಳಿ