ತುಂಗವ್ವನಿಗೆ ಎಳ್ಳುನೀರು

ಕೆರೆಗೆ ಜರಡಿ ಹಿಡಿದ ಅರವತ್ತೆರಡನೆಯ ವರ್ಷ, ಮಹಾಲಯ ಅಮಾವಾಸ್ಯೆಗೆ ಎಂಟು ದಿನ ಮೊದಲು.
ನಿಮ್ಮ ಎಣಿಕೆಯಲ್ಲಿ ಕ್ರಿ.ಶ. ೨೨೧೯.

ಕೆರೆ ದಂಡೆಯ ಮೇಲಿನ ಹಸಿರು ಆಟದ ಅಂಕಣದಲ್ಲಿ ಆಡುತ್ತಿರುವ ಹಿರಿಯರಿಗೆ,

ನೀಲಗಂಗಾ ಮಾಡುವ ನಮಸ್ಕಾರಗಳು. ನಿಮ್ಮಲ್ಲಿ ಹಲವರಿಗೆ ಇನ್ನೂ ಮೀಸೆ ಮೂಡಿರಲಿಕ್ಕಿಲ್ಲ, ಆದರೂ ನನಗೆ ನೀವು ಹಿರಿಯರೇ. ನನ್ನ ಕನ್ನಡ ವಿಚಿತ್ರ ಎನಿಸಿದರೆ ಕ್ಷಮಿಸಿ. ಕೆಲವು ಮಾತುಗಳು ನಿಮ್ಮಿಂದ ನಮ್ಮವರೆಗೆ ಬರುವಷ್ಟರಲ್ಲಿ ಅರ್ಥ ಬದಲಿಸಿಕೊಂಡಿವೆ. ಅಂಥ ಒಂದು ಮಾತಿನಿಂದಲೇ ನಾನು ಕೆಟ್ಟೆ, ಅದಕ್ಕೇ ಈ ಪತ್ರ.

ನಮ್ಮಲ್ಲಿ ಎಳ್ಳು ಎಂದರೆ ಕೆರೆಯಲ್ಲಿ ಸಿಗುವ ಕರಿಯ ರಬ್ಬರ್ ಕಾಳು. ಹಳೆಯ ಟೈರು ಪುಡಿಮಾಡಿ ನಿಮ್ಮ ಅಂಕಣದ ಪ್ಲಾಸ್ಟಿಕ್ ಹುಲ್ಲಿನ ನಡುವೆ ಹರಡಿದ್ದೀರಲ್ಲ, ಅದೇ. ಬಿದ್ದವರಿಗೆ ಪೆಟ್ಟಾಗದಿರಲಿ ಎಂದು ಹಾಕಿದ್ದಂತೆ. ಉದ್ದೇಶ ಒಳ್ಳೆಯದೇ. ಆದರೆ ಪ್ರತಿ ಮಳೆಗೂ ಅದು ಚರಂಡಿ ಹಿಡಿದು ಕೆರೆಗೆ ಇಳಿಯಿತು; ನಿಮ್ಮ ಬೂಟು, ಕಾಲುಚೀಲಗಳಲ್ಲಿ ಮನೆಗೆ ಹೋದದ್ದೂ ಬಚ್ಚಲಿನಿಂದ ಕೆರೆಗೇ ಬಂತು. ನೀವು ಹೋದಿರಿ, ಹುಲ್ಲು ಹೋಯಿತು, ಅದು ಉಳಿಯಿತು. ನಿಜವಾದ ಎಳ್ಳು ನಮ್ಮ ಸೀಮೆಯಲ್ಲಿ ಬೆಳೆಯದೆ ಮೂರು ತಲೆಮಾರಾಯಿತು. ಖಾಲಿ ಬಿದ್ದಿದ್ದ ಹೆಸರನ್ನು, ನೋಡಲು ಹಾಗೇ ಇದ್ದ ಈ ಕಾಳಿಗೆ ಯಾರೋ ಕೊಟ್ಟುಬಿಟ್ಟರು.

ನನ್ನ ಅವ್ವ ತುಂಗವ್ವ ಜರಡಿಯವಳು. ಜರಡಿಯವರೆಂದರೆ ಕೆರೆಯ ಹೂಳನ್ನು ಬುಟ್ಟಿಗಳಲ್ಲಿ ಎತ್ತಿ, ತೊಳೆದು, ಎಳ್ಳನ್ನು ಬೇರ್ಪಡಿಸುವವರು. ಬೆಳಗಿನ ಅಂಬಲಿ ಕುಡಿದು ಸೊಂಟಮಟ್ಟದ ನೀರಿಗೆ ಇಳಿದರೆ, ಬಿಸಿಲು ನೆತ್ತಿಗೆ ಬಂದ ಮೇಲೆಯೇ ದಡಕ್ಕೆ. ಸುಟ್ಟರೆ ವಿಷದ ಹೊಗೆ, ಹೂತರೆ ಬಾವಿಗೆ ಕೇಡು. ಹಾಗಾಗಿ ತೆಗೆದ ಎಳ್ಳನ್ನು ಗುಡ್ಡದ ಮೇಲಿನ ಎಳ್ಳುಮನೆಯಲ್ಲಿ, ಬಾಯಿಗೆ ಮೇಣ ಬಳಿದ ಗಡಿಗೆಗಳಲ್ಲಿ ಇಡುತ್ತೇವೆ. ಅವ್ವನ ಬೆರಳಿನ ಚರ್ಮ ವರ್ಷವಿಡೀ ಸುಲಿದಿರುತ್ತಿತ್ತು. ನನ್ನ ತಲೆ ಬಾಚುವಾಗ ಅದಕ್ಕೆ ಕೂದಲು ಸಿಕ್ಕಿಕೊಳ್ಳುತ್ತಿತ್ತು. ಬೇರೆ ಕೆಲಸ ನೋಡು ಎಂದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಸಾಯುವ ಹಿಂದಿನ ಮಳೆಗಾಲದಲ್ಲಿ ಕೆರೆಯಲ್ಲಿ ಮೊದಲ ಬಾರಿಗೆ ಗೊದಮೊಟ್ಟೆಗಳು ಕಂಡವು. ಅವ್ವ ಊರನ್ನೆಲ್ಲ ಕರೆತಂದು ತೋರಿಸಿದಳು, ತಾನೇ ಹೆತ್ತ ಹಾಗೆ.

ಅವಳು ಹೋದದ್ದು ಹೋದ ವರ್ಷದ ಬೇಸಿಗೆಯಲ್ಲಿ. ನಾನು ಊರಿನ ಓದುಗಿತ್ತಿ, ಅಂದರೆ ನಿಮ್ಮ ಕಾಲದ ಪುಸ್ತಕ ಓದಿ ಜನರಿಗೆ ತಿಳಿಸುವವಳು. ಅವ್ವನಿಗಾಗಿ ಏನಾದರೂ ಮಾಡಬೇಕೆಂದು ಹುಡುಕುವಾಗ ಒಂದು ಹರಿದ ಪುಸ್ತಕದಲ್ಲಿ ಸಿಕ್ಕಿತು: ಮಹಾಲಯ ಅಮಾವಾಸ್ಯೆಯಂದು ಸತ್ತವರ ಹೆಸರು ಹೇಳಿ ಕರಿ ಎಳ್ಳು, ನೀರು ಬಿಡಬೇಕು, ಅವರಿಗೆ ತೃಪ್ತಿಯಾಗುತ್ತದೆ. ಅವ್ವನೇ ತುಂಬಿಸಿದ್ದ ಗಡಿಗೆಯ ಮೇಣ ಕಿತ್ತು, ಅವಳೇ ತೊಳೆದ ಕೆರೆಗೆ ಬಿಟ್ಟೆ. ಅಳುತ್ತಾ ಬಿಟ್ಟೆ. ಓದುಗಿತ್ತಿಯೇ ಮಾಡಿದ ಮೇಲೆ ಕೇಳಬೇಕೆ? ಊರಿನವರೂ ತಮ್ಮ ಸತ್ತವರನ್ನು ನೆನೆದು ಗಡಿಗೆಗಟ್ಟಲೆ ತಂದು ಸುರಿದರು. ಕೆಟ್ಟದ್ದೆಂದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಸತ್ತವರು ಬಂದು ತೆಗೆದುಕೊಳ್ಳುತ್ತಾರೆ, ನೀರಿನಲ್ಲಿ ಉಳಿಯುವುದಿಲ್ಲ ಎಂದು ನಂಬಿದ್ದೆ. ದುಃಖದಲ್ಲಿ ಬುದ್ಧಿ ಅಷ್ಟೇ ಓಡುತ್ತದೆ.

ಈ ಮಳೆಗಾಲ ಕಪ್ಪೆಗಳು ಮೊಟ್ಟೆಯಿಟ್ಟವು. ಒಂದೂ ಮರಿಯಾಗಲಿಲ್ಲ, ಬಿಳಿಚಿಕೊಂಡು ದಡಕ್ಕೆ ತೇಲಿದವು. ಹೆದರಿ ಆ ಪುಸ್ತಕವನ್ನು ಮತ್ತೆ ತೆಗೆದು, ಅವ್ವನ ಜೊತೆ ಜರಡಿ ಹಿಡಿದಿದ್ದ ಫಕೀರವ್ವನ ಎದುರು ಓದಿದೆ. ಹಾಳೆಯ ಹಿಂಬದಿಯಲ್ಲಿ, ಉಳಿದ ಎಳ್ಳನ್ನು ಹುರಿದು ಬೆಲ್ಲ ಸೇರಿಸಿ ಮಕ್ಕಳಿಗೆ ಕೊಡಿ ಎಂದಿತ್ತು. ಹೋದ ವರ್ಷ ನಾನು ಹಾಳೆ ತಿರುವಿರಲಿಲ್ಲ. ಫಕೀರವ್ವ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದಳು.

"ಅದು ತಿನ್ನೂ ಕಾಳು ಇತ್ತವಾ. ನಿಮ್ಮವ್ವ ಜನ್ಮೆಲ್ಲಾ ಹೊರಗ ತಗದಿದ್ದನ್ನ ನೀ ಒಂದ ದಿನದಾಗ ಒಳಗ ಹಾಕಿದಿ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಜರಡಿ ತೆಗೆದುಕೊಂಡು ನೀರಿಗೆ ಇಳಿದಳು. ನಾನೂ ಇಳಿದೆ. ದಿನವೂ ಇಳಿಯುತ್ತಿದ್ದೇನೆ, ನನ್ನ ಆಯುಷ್ಯದಲ್ಲಿ ಇದು ಮುಗಿಯುವುದಿಲ್ಲ.

ಆಟ ಬಿಡಿ ಎನ್ನುವಷ್ಟು ಕಲ್ಲುಮನಸ್ಸು ನನ್ನದಲ್ಲ. ಮಣ್ಣಿನ ಮೇಲೆ ಆಡಿ; ತರಚಿದ ಗಾಯ ನಾಲ್ಕು ದಿನಕ್ಕೆ ವಾಸಿಯಾಗುತ್ತದೆ. ಆ ಕಾಳಿನ ಹೊಸ ಚೀಲ ಬಂದರೆ ಬಿಚ್ಚಲು ಬಿಡಬೇಡಿ.

ಇನ್ನೊಂದು ಕೋರಿಕೆ ನನ್ನ ಸ್ವಂತದ್ದು. ನಿಮ್ಮ ಅಡುಗೆಮನೆಯ ಡಬ್ಬಿಯಲ್ಲಿ ನಿಜವಾದ ಎಳ್ಳಿದೆ. ಬರುವ ಅಮಾವಾಸ್ಯೆಗೆ ಒಂದು ಚಿಟಿಕೆ ಹಿಡಿದು ನೀರು ಬಿಡಿ. ನಿಮ್ಮ ಹಿರಿಯರ ಹೆಸರುಗಳೆಲ್ಲ ಮುಗಿದ ಮೇಲೆ ತುಂಗವ್ವ ಎನ್ನಿ. ಅವಳು ಹುಟ್ಟಲು ಇನ್ನೂ ನೂರಿಪ್ಪತ್ತು ವರ್ಷವಿದೆ. ಆದರೂ ಎನ್ನಿ.

ನಿಮ್ಮ ಮರಿಮಗಳು,
ನೀಲಗಂಗಾ